ಪೆನ್ಸಿಲ್ ತೂರುವಷ್ಟು ಸಂದು

ಆಲ್ಕೊಳ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತ ನಿಂತ ಚಂದ್ರಶೇಖರಪ್ಪನಿಗೆ ತನ್ನ ಜೇಬಿನ ಸ್ಕೇಲು ಸುಳ್ಳು ಹೇಳುತ್ತದೆ ಎನ್ನುವುದು ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಸಲ ಮುಜುಗರದ ಸಂಗತಿಯಾಗಿ ಕಂಡಿತು. ಕರಗಿಸಿ ಸುರಿದ ಕಬ್ಬಿಣ ತಣಿಯುವಾಗ ಕುಗ್ಗುತ್ತದೆ. ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುವವನು ಅದು ಕುಗ್ಗುವಷ್ಟನ್ನು ಮೊದಲೇ ಸೇರಿಸಿ ದೊಡ್ಡದು ಮಾಡಬೇಕು. ದಿನಾ ಆ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ಅಂಥವರ ಸ್ಕೇಲನ್ನೇ ಅಡಿಗೆ ಒಂದು ನೂಲು ಉದ್ದ ಮಾಡಿರುತ್ತಾರೆ. ನೂಲು ಎಂದರೆ ಬಡಗಿಗಳ ಬಾಯಲ್ಲಿ ಇಂಚಿನ ಎಂಟನೇ ಒಂದು ಪಾಲು. ಮದುವೆಯಾದ ಹೊಸದರಲ್ಲಿ ಅಡುಗೆಮನೆಯ ಗೂಡನ್ನು ಟೇಪಿನಲ್ಲಿ ಅಳೆದು, ಹಲಗೆಗೆ ಈ ಸ್ಕೇಲಿನಲ್ಲಿ ಗುರುತು ಹಾಕಿ ಕತ್ತರಿಸಿ, ಅದು ಏನು ಮಾಡಿದರೂ ಒಳಗೆ ಹೋಗದೆ ನಿಂತಾಗ ಕಾಶಮ್ಮ ಸೆರಗು ಬಾಯಿಗಿಟ್ಟುಕೊಂಡು, "ಗೋಡೆ ಕಾಯ್ಸಿ ಹಿಗ್ಗಿಸ್ಬೇಕೇನ್ರೀ?" ಎಂದಿದ್ದಳು. ಆಗ ಅವನೂ ನಕ್ಕಿದ್ದ. ಸ್ವಂತ ತಪ್ಪಿಗೆ ತಾನೇ ನಗುವುದು ಎಷ್ಟು ಹಗುರವಾಗಿತ್ತು ಆಗ! ಇವತ್ತು ಬೆಳಿಗ್ಗೆ ಅದೇ ಕಾಶಮ್ಮ ತಟ್ಟೆಗೆ ಮೂರನೇ ರೊಟ್ಟಿ ಹಾಕುತ್ತ, "ಮೂರು ವಾರದಿಂದ ನಿಮ್ ಮುಖ ಸೀದ ಹಾಲಿನ ಪಾತ್ರೆ ಆಗಿದೆ, ಏನಾಗಿದೆ ಹೇಳಿ" ಎಂದಳು. ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಒರೆಸುತ್ತಿದ್ದಂತೆಯೇ, ಮೂರು ವಾರದ ಹಿಂದೆ ಫೌಂಡ್ರಿಯಲ್ಲಿ ಯಜಮಾನ ಮೋಲ್ಡರ್ ಕರಿಯಣ್ಣನನ್ನು ಬೈಯುವಾಗಲೂ ತಾನು ಇದನ್ನೇ ಮಾಡಿದ್ದೆ ಎಂದು ನೆನಪಾಗಿ, ಮೂರನೇ ರೊಟ್ಟಿ ಮುಟ್ಟದೆ ಎದ್ದ.

ಸಿಟಿ ಬಸ್ಸಿನಲ್ಲಿ ಬಸ್ ಸ್ಟ್ಯಾಂಡಿಗೆ ಬಂದು ಭದ್ರಾವತಿಯ ಬಸ್ಸು ಹತ್ತುವಾಗ ಸ್ಕೇಲಿನ ತುದಿ ಕಂಡಕ್ಟರನ ಪಕ್ಕೆಗೆ ತಗುಲಿತು. "ಮೇಷ್ಟ್ರೇ, ಅದನ್ನ ಒಳಗಿಟ್ಕೊಳಿ, ಇಲ್ಲಿ ಹೊಡ್ಯಕ್ಕೆ ಮಕ್ಕಳಿಲ್ಲ," ಎಂದ ಅವನು. ಹಿಂದಿನ ಸೀಟಿನವರು ನಕ್ಕರು. ತಾನು ಮೇಷ್ಟ್ರಲ್ಲ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಹೇಳದೆ ಬಿಡುವುದು ಎಷ್ಟು ಬೇಗ ಅಭ್ಯಾಸವಾಗುತ್ತದೆ! ಜನವರಿಯ ಬಿಸಿಲು ಇನ್ನೂ ಎಳೆಯದಾಗಿ ಕಿಟಕಿಯ ಸರಳುಗಳ ಮೇಲೆ ಕೂತಿತ್ತು. ರಸ್ತೆಯ ಎರಡೂ ಬದಿಗೆ ಅಡಿಕೆ ಸಿಪ್ಪೆಯ ಗುಡ್ಡೆಗಳು. ಸುಲಿದವರು ಟ್ರ್ಯಾಕ್ಟರಿನಲ್ಲಿ ತಂದು ಸುರಿದು ಹೋಗುತ್ತಾರೆ, ಯಾರೋ ಬೀಡಿ ಎಸೆಯುತ್ತಾರೆ, ಗುಡ್ಡೆ ವಾರಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಒಂದು ಊರು ತನ್ನ ಸಂಪತ್ತಿನ ಸಿಪ್ಪೆಯನ್ನು ಹೀಗೆ ದಾರಿಹೋಕರ ಮೂಗಿಗೆ ಕೊಟ್ಟು ಕೈತೊಳೆದುಕೊಳ್ಳುವುದು ಅವನಿಗೆ ಮೊದಲೆಲ್ಲ ಕಂಡೇ ಇರಲಿಲ್ಲ. ಕಂಡದ್ದು ರುದ್ರೇಶನಿಗೆ, ಚಂದ್ರಶೇಖರಪ್ಪ ಕೆಲಸ ಮಾಡುವ ಮಾಚೇನಹಳ್ಳಿಯ ಫೌಂಡ್ರಿಯ ಯಜಮಾನನಿಗೆ. ಶಾಲೆಗಳಲ್ಲಿ ಬಿಸಿಯೂಟ ಶುರುವಾಗಿ ಆರು ತಿಂಗಳಾಗಿತ್ತು; ಸಿಲಿಂಡರು ಸರಿಯಾಗಿ ಬಾರದ ಕಡೆ ಹೆಂಗಸರು ಹಸಿ ಸೌದೆ ಊದುತ್ತ ಕಣ್ಣು ಕೆಂಪು ಮಾಡಿಕೊಂಡು ಇನ್ನೂರು ಮಕ್ಕಳಿಗೆ ಬೇಯಿಸುತ್ತಿದ್ದರು. "ಗುಜರಿ ಕಬ್ಬಿಣ ಕರಗಿಸಿ ಒಲೆ ಮಾಡೋಣ, ಸಿಪ್ಪೆ ಉರಿಸೋಣ. ಕಾಡೂ ಉಳೀತು, ರಸ್ತೆನೂ ಉಳೀತು," ಎಂದು ರುದ್ರೇಶ ಕುಣಿದಿದ್ದ. ಅವನಿಗೆ ಮೂವತ್ತನಾಲ್ಕು, ಕುಣಿಯುವ ವಯಸ್ಸು. ಪಾತ್ರೆ ಅರ್ಧ ಒಳಗೆ ಇಳಿದು ಕೂರುವ, ದುಂಡಗಿನ, ಮುದ್ದಾದ ಒಲೆಯ ಡ್ರಾಯಿಂಗ್ ಅವನೇ ಬರೆದಿದ್ದ. ಪಾತ್ರೆಗೂ ಒಲೆಗೂ ಮಧ್ಯೆ ಗಾಳಿ ನುಸುಳಕೂಡದು, ಶಾಖ ಸೋರಕೂಡದು ಎಂಬುದು ಅವನ ಹಟ.

ಆ ಡ್ರಾಯಿಂಗನ್ನು ಕ್ಯಾಂಟೀನಿನ ಬೆಂಚಿನ ಮೇಲೆ ಹಾಸಿ ನೋಡುತ್ತಿದ್ದಾಗ ಬಂಗಾರಮ್ಮ ಟೀ ತಂದಿದ್ದಳು. ಬಂಗಾರಮ್ಮ ಫೌಂಡ್ರಿಯ ಮೂವತ್ತು ಮಂದಿಗೆ ಅಡುಗೆ ಮಾಡುವವಳು. ಭದ್ರಾವತಿಯಿಂದ ಬರುತ್ತಾಳೆ, ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಇಲ್ಲಿ ಕನ್ನಡ, ಬೈಯುವುದು ಮೂರರಲ್ಲೂ. ಅವಳು ಬಗ್ಗಿ ಕಾಗದ ನೋಡಿ, "ಸಾಮಿ, ಪಾತ್ರೆ ಸುತ್ತ ಒಂಚೂರು ಸಂದು ಬಿಡಿ. ಬೆಂಕಿ ಮೇಲಕ್ಕೇಳಕ್ಕೆ ದಾರಿ ಬೇಡ್ವಾ? ಮಣ್ಣಿನೊಲೆ ಮೇಲೆ ಮೂರು ಉಬ್ಬು ಇಡ್ತೀವಲ್ಲ, ಚಂದಕ್ಕಾ ಅದು?" ಎಂದಳು. ಚಂದ್ರಶೇಖರಪ್ಪ ಕಿವಿಯ ಮೇಲಿನ ಪೆನ್ಸಿಲು ತೆಗೆದು, "ಬಂಗಾರಮ್ಮ, ಸಾರಿಗೆ ಉಪ್ಪು ಎಷ್ಟು ಅಂತ ನಾನು ಯಾವತ್ತಾದ್ರೂ ಹೇಳಿದೀನಾ?" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಲೋಟಗಳನ್ನು ಎತ್ತಿಕೊಂಡು ಹೋದಳು. ಅವಳು ನಕ್ಕದ್ದೇ ಅವನಿಗೆ ಈಗ ಹೆಚ್ಚು ಚುಚ್ಚುತ್ತಿತ್ತು. ಇಪ್ಪತ್ತು ವರ್ಷ ಒಲೆಯ ಮುಂದೆ ಕೂತವಳಿಗೆ ಒಲೆಯ ವಿಷಯ ಗೊತ್ತಿಲ್ಲ, ಒಂದು ದಿನವೂ ಊದುಕೊಳವೆ ಹಿಡಿಯದ ತನಗೆ ಗೊತ್ತು ಎಂದು ಅಷ್ಟು ಮಂದಿ ಗಂಡಸರಿಗೆ ಒಂದೇ ಕ್ಷಣದಲ್ಲಿ ಹೇಗೆ ಖಾತ್ರಿಯಾಯಿತು?

ಆ ಸಂಜೆಯೇ ಅವನು ಒಲೆಯ ಒಳಮೈಯ ಅಚ್ಚಿನ ಪೆಟ್ಟಿಗೆ ಮಾಡಿದ. ಅದರಲ್ಲಿ ಮಣ್ಣು ತುಂಬಿ ತೆಗೆದ ಗಟ್ಟಿಯ ಸುತ್ತ ಕಬ್ಬಿಣ ಸುರಿಯುತ್ತಾರೆ, ಆ ಗಟ್ಟಿಯ ಗಾತ್ರವೇ ಒಲೆಯ ತೂತಿನ ಗಾತ್ರ. ಲೇತಿಗೆ ಹೋಗಬೇಕಾದ ತೂತನ್ನು ಎರಕದಲ್ಲಿ ಸುತ್ತಲೂ ಎರಡು ನೂಲು ಕಿರಿದಾಗಿ ಬಿಡಬೇಕು, ಲೇತು ಕೊರೆದು ಅಳತೆಗೆ ತರುತ್ತದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಕಲಿಯುವ ಮಾತು. ಅವನು ಎರಡು ನೂಲು ಕಳೆಯುವ ಬದಲು ಕೂಡಿದ. ಯಾಕೆ? ಮೂರು ವಾರದಿಂದ ಅವನು ಅದನ್ನೇ ಕೇಳಿಕೊಳ್ಳುತ್ತಿದ್ದ. ಆಯಾಸವೇ, ನಲವತ್ತೊಂಬತ್ತರ ಕಣ್ಣೇ, ಅಥವಾ ಬಾಯಿ ಗೇಲಿ ಮಾಡಿದ ಮಾತನ್ನು ಕೈ ಕೇಳಿಸಿಕೊಂಡಿತ್ತೇ? ಎರಕ ಬಂದ ದಿನ ಪಾತ್ರೆ ಇಳಿಸಿದರೆ ಅದು ಒಳಗೆ ಗಲಗಲ ಎಂದಿತು. ಸುತ್ತ ಪೆನ್ಸಿಲ್ ತೂರುವಷ್ಟು ಸಂದು. ರುದ್ರೇಶ ಹಣೆ ಚಚ್ಚಿಕೊಂಡು ಮೋಲ್ಡರ್ ಕರಿಯಣ್ಣನ ಕಡೆ ತಿರುಗಿದ: "ಮಣ್ಣಿಂದ ಅಚ್ಚು ಎತ್ತೋವಾಗ ಜಾಸ್ತಿ ಅಲ್ಲಾಡ್ಸಿದೀಯ ನೀನು." ಮಣ್ಣಿನಲ್ಲಿ ಹೂತ ಅಚ್ಚನ್ನು ಸಡಿಲಿಸಲು ಮೋಲ್ಡರು ಅದನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಲ್ಲಾಡಿಸುವುದು ವಾಡಿಕೆ. ಹಾಗೆ ಅಲ್ಲಾಡಿಸಿದರೆ ಗೋಡೆ ದಪ್ಪವಾಗಬಹುದೇ ಹೊರತು ಒಳಗಿನ ತೂತು ಅಗಲವಾಗುವುದಿಲ್ಲ. ಅದು ಚಂದ್ರಶೇಖರಪ್ಪನಿಗೆ ಗೊತ್ತಿತ್ತು. ಅವನು ಕನ್ನಡಕ ತೆಗೆದ. ಒರೆಸಿದ. ಅಂಗಿಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದ. ಕನ್ನಡಕ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಕರಿಯಣ್ಣನನ್ನು ಮೋಲ್ಡಿಂಗಿನಿಂದ ತೆಗೆದು ಮಣ್ಣು ಜರಡಿ ಹಿಡಿಯಲು, ಕೆಟ್ಟ ಎರಕಗಳನ್ನು ಸಮ್ಮೆಟಿಗೆಯಲ್ಲಿ ಒಡೆದು ಕುಲುಮೆಗೆ ವಾಪಸು ಹಾಕಲು ಹಚ್ಚಿ ಆಗಿತ್ತು. ತಪ್ಪು ನೀರಿನ ಹಾಗೆ. ಫೌಂಡ್ರಿಯ ನೆಲದಲ್ಲೂ ಅದಕ್ಕೆ ತಗ್ಗು ಎಲ್ಲಿದೆ ಎಂದು ಯಾರೂ ತೋರಿಸಿಕೊಡಬೇಕಿಲ್ಲ. ಕರಿಯಣ್ಣನ ಟೀ ಲೋಟ ಮೊದಲಿನಿಂದಲೂ ಕಿಟಕಿಯ ಮೇಲೆ ಬೇರೆಯೇ ಇರುತ್ತಿತ್ತು. ಅಲ್ಲಿಡಲು ಯಾರೂ ಹೇಳಿರಲಿಲ್ಲ, ಅಲ್ಲಿಂದ ಯಾರೂ ತೆಗೆದೂ ಇರಲಿಲ್ಲ. ಆ ರಾತ್ರಿ ಪಾಳಿಗೆ ಮೊದಲೇ ಚಂದ್ರಶೇಖರಪ್ಪ ಪೆಟ್ಟಿಗೆಯ ಒಳಮೈಗೆ ತೆಳು ಹಲಗೆಯ ಪಟ್ಟಿ ಅಂಟಿಸಿ, ತಪ್ಪನ್ನು ತಿದ್ದಿ, ಬಾಗಿಲು ಹಾಕಿಕೊಂಡು ಮನೆಗೆ ಹೋಗಿದ್ದ.

ಇವತ್ತು ಆ ತಿದ್ದಿದ ಒಲೆಯ ಪರೀಕ್ಷೆ. ಚಂದ್ರಶೇಖರಪ್ಪ ಬಸ್ಸಿಳಿದು ಬರುವಷ್ಟರಲ್ಲಿ ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಕಲಿಸುವ ಜ್ಞಾನೇಶ್ ಎಂಬ ತರುಣ ಲೆಕ್ಚರರ್ ತಕ್ಕಡಿ, ಥರ್ಮಾಮೀಟರು, ಗಡಿಯಾರ ಹಿಡಿದು ಆಗಲೇ ಬಂದು ಕ್ಯಾಂಟೀನಿನ ಮುಂದೆ ನಿಂತಿದ್ದ. ಅವನು ಸರಿ ಎಂದು ಬರೆದರೆ ಮುಂದಿನ ವಾರ ನವುಲೆಯ ವಸ್ತುಪ್ರದರ್ಶನಕ್ಕೆ ಒಲೆ ಹೋಗುತ್ತದೆ. ಪಾತ್ರೆ ಒಲೆಯೊಳಗೆ ಬಿಗಿಯಾಗಿ ಕೂತಿತು, ಸೀಸೆಗೆ ಬಿರಡೆ ಕೂರುವಂತೆ. ರುದ್ರೇಶ ಹೆಮ್ಮೆಯಿಂದ ಅದರ ಅಂಚು ಸವರಿದ. ಬಂಗಾರಮ್ಮ ಸಿಪ್ಪೆ ತುಂಬಿ ಕಡ್ಡಿ ಗೀರಿ, "ರಾ ತಲ್ಲಿ, ರಾ," ಎಂದು ತನ್ನ ತೆಲುಗಿನಲ್ಲಿ, ತಾಯಿಯನ್ನು ಕರೆಯುವಂತೆ, ಬೆಂಕಿಯನ್ನು ಕರೆದಳು. ಬೆಂಕಿ ಬಂತು, ಹೋಗಲು ದಾರಿ ಕಾಣದೆ ಬಂದ ಬಾಗಿಲಿನಿಂದಲೇ ಹೊಗೆಯಾಗಿ ಹೊರಗೆ ನುಗ್ಗಿತು. ಜ್ಞಾನೇಶ್ ಎರಡು ನಿಮಿಷ ಗಡಿಯಾರ ನೋಡಿದ, ಮೂರನೆಯ ನಿಮಿಷಕ್ಕೆ ಗಡಿಯಾರ ಕಾಣಿಸದಾಯಿತು, ಐದನೆಯ ನಿಮಿಷಕ್ಕೆ ಕೆಮ್ಮುತ್ತ ಕರವಸ್ತ್ರ ಹುಡುಕಿದ. ಒಲೆ ಮೆಲ್ಲಗೆ ಕರ್ರಗೆ ಏದುಸಿರು ಬಿಟ್ಟು ತಣ್ಣಗಾಯಿತು.

"ಅಳ್ಬೇಡ ತಮ್ಮಾ," ಎಂದಳು ಬಂಗಾರಮ್ಮ, ತನ್ನ ಸೆರಗಿನ ತುದಿ ಜ್ಞಾನೇಶನಿಗೆ ಕೊಡುತ್ತ. "ನೀನು ಐದು ನಿಮಿಷ ಅತ್ತೆ. ಆ ಇಸ್ಕೂಲಿನ ಹೆಂಗಸ್ರು ದಿನಾ ಮೂರು ಗಂಟೆ ಅಳ್ತಾರೆ. ಅದನ್ನೂ ಬರ್ಕೋ ನಿನ್ ಪುಸ್ತಕದಲ್ಲಿ."

"ಸಿಪ್ಪೆ ಹಸಿ ಇರ್ಬೇಕು," ಎಂದ ರುದ್ರೇಶ. ಅವನ ದನಿ ಒಣಗಿತ್ತು.

"ಹಸಿನಾ? ಹಂಗಾದ್ರೆ ಈ ಮೂವತ್ತು ಜನದ ಅನ್ನ ಯಾವುದ್ರಲ್ಲಿ ಬೇಯ್ತಾ ಇದೆ, ಬನ್ನಿ ನೋಡ್ಬನ್ನಿ," ಎಂದು ಅವಳು ಎದ್ದೇಬಿಟ್ಟಳು.

ಕ್ಯಾಂಟೀನಿನ ಹಿಂದೆ, ತಗಡಿನ ಮಾಡಿನ ಕೆಳಗೆ, ಮೊದಲ ಎರಕದ ಆ ಒಲೆ ಇತ್ತು. ಒಡೆದು ಕುಲುಮೆಗೆ ಹೋಗಿದೆ ಎಂದು ಚಂದ್ರಶೇಖರಪ್ಪ ನಂಬಿದ್ದ, ನಂಬಿ ನಿಟ್ಟುಸಿರು ಬಿಟ್ಟಿದ್ದ ಒಲೆ. ಅದರ ಮೇಲೆ ಹುರುಳಿ ಸಾರು ಕುದಿಯುತ್ತಿತ್ತು. ಪಾತ್ರೆಯ ಸುತ್ತಲ ಸಂದಿನಿಂದ ಉರಿಯ ಎಳೆಗಳು ನೀಲಿಯಾಗಿ, ಕೇಸರಿಯಾಗಿ, ಕತ್ತು ತಬ್ಬಿದ ಮಗುವಿನ ಕೈಗಳಂತೆ ಪಾತ್ರೆಯನ್ನು ತಬ್ಬಿಕೊಂಡಿದ್ದವು. ಹೊಗೆ ಇರಲಿಲ್ಲ. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಮಾತ್ರ ಇತ್ತು. ಚಂದ್ರಶೇಖರಪ್ಪನ ಎದೆಯಲ್ಲಿ ಒಂದೇ ಸಲಕ್ಕೆ ಎರಡು ಸಂಗತಿಗಳು ಆದವು: ಮುಚ್ಚಿಟ್ಟದ್ದು ಎದ್ದು ಬಂದ ಭಯ, ಮತ್ತು ಅದಕ್ಕೆ ಒಂದಿಷ್ಟೂ ಸಂಬಂಧವಿಲ್ಲದ, ತಡೆಯಲಾಗದ ಒಂದು ಖುಷಿ. ಎಷ್ಟು ಚೆನ್ನಾಗಿ ಉರಿಯುತ್ತಿದೆ! ತನ್ನ ಕೈಯ ಕೆಲಸ ಇಷ್ಟು ಚೆನ್ನಾಗಿ ಬದುಕಿರುವುದನ್ನು ಅವನು ಹಿಂದೆ ಎಂದೂ ನೋಡಿರಲಿಲ್ಲ. ಅವನು ಮಾಡಿದ್ದೆಲ್ಲ ಪಂಪಿನ ಹೊಟ್ಟೆಗೋ ಗೇರಿನ ಪೆಟ್ಟಿಗೆಗೋ ಸೇರಿ ಎಲ್ಲಿಗೋ ಹೋಗಿಬಿಡುತ್ತಿತ್ತು.

ಜ್ಞಾನೇಶ್ ಮಂಡಿಯೂರಿ ಕೂತು ಜೇಬಿನ ಪೆನ್ಸಿಲನ್ನು ಸಂದಿನೊಳಗೆ ತೂರಿಸಿದ. ಅದು ಸರಾಗವಾಗಿ ಇಳಿಯಿತು, ತುದಿ ಹೊತ್ತಿಕೊಂಡಿತು, ಊದಿ ಆರಿಸಿ, ಚಿಕ್ಕ ಹುಡುಗನ ಹಾಗೆ ನಕ್ಕ. ಸಾರಿನ ಪಾತ್ರೆ ಇಳಿಸಿ ನೀರಿಟ್ಟ, ತೂಗಿದ, ಗಡಿಯಾರ ನೋಡಿದ, ಇನ್ನೊಂದು ಸಲ ತೂಗಿದ. ಆಮೇಲೆ ಎದ್ದು ನಿಂತು, "ಇದು ರಿಜೆಕ್ಟಾ? ಯಾರ್ರೀ ಇದನ್ನ ರಿಜೆಕ್ಟ್ ಮಾಡಿದ್ದು? ಶಾಖ ಪಾತ್ರೆ ಮೈಗೆಲ್ಲ ಹತ್ತಬೇಕಾದ್ರೆ ಎಷ್ಟು ಸಂದು ಬೇಕೋ ಸರಿಯಾಗಿ ಅಷ್ಟಿದೆ. ಈ ಅಳತೆ ಯಾರ ತಲೆದು?" ಎಂದು ಕೇಳಿ ಫಾರಂ ತೆಗೆದ. ಫಾರಮಿನಲ್ಲಿ 'ರೂಪಿಸಿದವರು' ಎಂಬುದರ ಮುಂದೆ ಒಂದೇ ಒಂದು ಗೆರೆ ಇತ್ತು.

ರುದ್ರೇಶ ತಬ್ಬಿಬ್ಬಾಗಿ ನಗುತ್ತ, "ತಲೆ ಯಾರದೂ ಅಲ್ಲ ಸಾರ್. ನಮ್ಮ ಕರಿಯಣ್ಣ ಮೋಲ್ಡಿಂಗಲ್ಲಿ ಮಾಡಿದ ತಪ್ಪು," ಎಂದ. ಜ್ಞಾನೇಶ್, "ಹಾಗಾದ್ರೆ ಕರಿಯಣ್ಣ ಅಂತ್ಲೇ ಬರೀತೀನಿ. ಎಷ್ಟೋ ಒಳ್ಳೆ ವಸ್ತು ತಪ್ಪಿಂದ್ಲೇ ಹುಟ್ಟಿರೋದು," ಎಂದು ಪೆನ್ನಿನ ಮುಚ್ಚಳ ತೆಗೆದ.

ಜರಡಿಯ ಪಕ್ಕ, ಮೈತುಂಬ ಕಪ್ಪು ಮಣ್ಣಿನ ಪುಡಿ ಹಚ್ಚಿಕೊಂಡು, ಸಮ್ಮೆಟಿಗೆಗೆ ಗಲ್ಲ ಆನಿಸಿ ಕರಿಯಣ್ಣ ನಿಂತಿದ್ದ. ಅವನು ಚಂದ್ರಶೇಖರಪ್ಪನನ್ನೇ ನೋಡುತ್ತಿದ್ದ. ಚಂದ್ರಶೇಖರಪ್ಪನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ಈಗ ಹೇಳುವುದೇ? ಬೈಗುಳವಾಗಿದ್ದಾಗ ಅವನಿಗೆ ಬಿಟ್ಟುಕೊಟ್ಟದ್ದನ್ನು ಹೊಗಳಿಕೆಯಾದ ಮೇಲೆ ನನ್ನದು ಎಂದು ಕಿತ್ತುಕೊಳ್ಳುವುದೇ? ಮೂರು ವಾರದ ಹಿಂದೆ ಆಡಿದ್ದರೆ ನಿಜ ನಿಜವೇ ಆಗಿರುತ್ತಿತ್ತು. ಇವತ್ತು ಅದೇ ಮಾತು ಕಳ್ಳತನದಂತೆ ಕೇಳಿಸುತ್ತದೆ. ಸುಮ್ಮನಿದ್ದರೆ? ಕರಿಯಣ್ಣನ ಹೆಸರು ಫಾರಮಿನಲ್ಲಿ ಇರುತ್ತದೆ, ಪ್ರದರ್ಶನಕ್ಕೆ ಹೋಗುತ್ತದೆ. ಎಷ್ಟು ಅಚ್ಚುಕಟ್ಟು! ಅವನಿಗೆ ಕೊಟ್ಟ ಅವಮಾನವನ್ನು ಸುಳ್ಳಿನಿಂದಲೇ ತೀರಿಸಿಬಿಡಬಹುದು, ತಾನು ಬಾಯಿ ತೆರೆಯದೆ ದಾನಿಯೂ ಆಗಬಹುದು. ಆದರೆ ಆ ಹೆಸರಿನ ಕೆಳಗೆ 'ತಪ್ಪು ಮಾಡಿದವನು' ಎಂಬುದೂ ಇರುತ್ತದೆ, ಎಂದೆಂದಿಗೂ. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಚ್ಚನ್ನೂ ಕೆಡಿಸದ ಕೈಯ ಮೇಲೆ. ಮತ್ತೆ ಬಂಗಾರಮ್ಮ? ಅವಳ ಮಾತು ಯಾವ ಗೆರೆಯ ಮೇಲೂ ಇರುವುದಿಲ್ಲ. ಪೆನ್ನು ಕಾಗದಕ್ಕೆ ಇಳಿಯುತ್ತಿತ್ತು. ಕನ್ನಡಕ ಅವನ ಬೆರಳಲ್ಲಿತ್ತು. ಅವನು ಅದನ್ನು ಒರೆಸದೆ ಮತ್ತೆ ಮೂಗಿನ ಮೇಲಿಟ್ಟುಕೊಂಡ.

"ತಡೀರಿ ಸಾರ್," ಎಂದ. ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಕುಲುಮೆಯ ಕಡೆಯವರೂ ತಿರುಗಿ ನೋಡಿದರು. "ಅಲ್ಲಾಡ್ಸಿದ್ರೆ ತೂತು ಅಗಲ ಆಗಲ್ಲ. ಅಳತೆ ತಪ್ಪಿದ್ದು ನನ್ನ ಪೆಟ್ಟಿಗೇಲಿ. ಕಳೀಬೇಕಾದ್ದು ಕೂಡ್ದೆ. ಕರಿಯಣ್ಣನ್ನ ಬೈತಾ ಇದ್ದಾಗ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ತಪ್ಪು ನಂದು ಅಂತ ಮಾತ್ರ ಬರ್ಕೊಳಿ, ತಲೆ ನಂದು ಅಂತ ಬರೀಬೇಡಿ. ಸಂದು ಬಿಡಿ ಅಂದಿದ್ದು ಬಂಗಾರಮ್ಮ. ನಾನು ನಗಾಡಿದ್ದೆ."

ರುದ್ರೇಶನ ಮುಖ ಕೆಂಪಾಯಿತು. ಅವನು ಕ್ಯಾಂಟೀನಿನ ಮುಂದೆ ತಣ್ಣಗಾಗಿ ಕೂತಿದ್ದ ತನ್ನ ಡ್ರಾಯಿಂಗಿನ ಬಿಗಿ ಒಲೆಯ ಕಡೆ ತಿರುಗಿ ನೋಡಿದ. ಆಗ ಕರಿಯಣ್ಣ ಸಮ್ಮೆಟಿಗೆಯನ್ನು ಗೋಡೆಗೆ ಒರಗಿಸಿ ಹತ್ತಿರ ಬಂದ.

"ನಂಗೆ ಗೊತ್ತಿತ್ತು ಮೇಸ್ತ್ರಿ," ಎಂದ. "ಮಾರನೇ ದಿನ ಪೆಟ್ಟಿಗೆ ಒಳಗೆ ಹೊಸ ಪಟ್ಟಿ ನೋಡ್ದೆ. ಫೆವಿಕಾಲ್ ಇನ್ನೂ ಬೆಳ್ಳಗಿತ್ತು."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ಮಾರಾಯ?" ಎಂದ ಚಂದ್ರಶೇಖರಪ್ಪ.

"ಹೇಳಿದ್ರೆ ಯಾರು ಕೇಳ್ತಿದ್ರು?" ಎಂದ ಕರಿಯಣ್ಣ. ಕೋಪವಿರಲಿಲ್ಲ ಅದರಲ್ಲಿ, ಇದ್ದಿದ್ದರೆ ಚಂದ್ರಶೇಖರಪ್ಪನಿಗೆ ತಡೆದುಕೊಳ್ಳುವುದು ಸುಲಭವಾಗಿರುತ್ತಿತ್ತು. "ಒಂದು ವಾರ ನಿಮ್ಮ ಮೇಲೆ ಸಿಟ್ಟಿತ್ತು, ಸುಳ್ಳು ಹೇಳಲ್ಲ. ಇದನ್ನ ಒಡ್ಯಕ್ಕೆ ಸಮ್ಮೆಟಿಗೆ ಎತ್ತಿದ್ದೆ, ನಿಮ್ ತಲೆ ಅಂದ್ಕೊಂಡೇ ಎತ್ತಿದ್ದೆ. ಈಯಮ್ಮ ಬಂದು ಅಡ್ಡ ಕೂತ್ಳು. ಒಂದು ದಿನ ಉರ್ಸಿ ನೋಡ್ತೀನಿ ಕೊಡು ಅಂದ್ಳು. ಆಮೇಲೆ ಊಟದಲ್ಲಿ ಹೊಗೆ ವಾಸ್ನೆ ಹೋಯ್ತು. ರುಚಿ ಊಟ ಉಂಡ್ಕೊಂಡು ಎಷ್ಟು ದಿನ ಸಿಟ್ಟು ಮಾಡ್ತೀರಿ ಹೇಳಿ?"

ಮೊದಲು ನಕ್ಕದ್ದು ಬಂಗಾರಮ್ಮ. ಆಮೇಲೆ ಜ್ಞಾನೇಶ್. ಆಮೇಲೆ ರುದ್ರೇಶನೂ ನಕ್ಕ, ಮೊದಲು ಮರ್ಯಾದೆಗೆ, ಆಮೇಲೆ ನಿಜವಾಗಿ. ನಕ್ಕು, ಕತ್ತು ಕೆರೆದುಕೊಂಡು, "ಕರಿಯಣ್ಣ, ಕೇಳ್ದೆ ಬೈದಿದ್ದು ನಂದೂ ತಪ್ಪೇ. ಇವತ್ತಿಂದ್ಲೇ ಮೋಲ್ಡಿಂಗಿಗೆ ಹೋಗು," ಎಂದ. ಜ್ಞಾನೇಶ್ ಒಂದೇ ಗೆರೆಯ ಮೇಲೆ ಮೂರು ಹೆಸರು ಹಿಡಿಸಲು ಅಕ್ಷರಗಳನ್ನು ಇರುವೆಯಷ್ಟು ಸಣ್ಣ ಮಾಡಿದ. ಬಂಗಾರಮ್ಮನದು ಮೊದಲು, ಆಮೇಲೆ ಚಂದ್ರಶೇಖರಪ್ಪನದು, ಕರಿಯಣ್ಣನದು. ಅವಳು ಕಾಗದ ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದು, "ಇದೇನಾ ನನ್ ಹೆಸ್ರು? ಇಷ್ಟು ಸಣ್ಣದಾ? ಬೈಯೋವಾಗ ದೊಡ್ಡದಾಗಿ ಕರೀತಿದ್ರಲ್ಲ," ಎಂದಳು. ಕಾಗದ ವಾಪಸು ಕೊಟ್ಟು ಸೊಂಟದ ಮೇಲೆ ಕೈಯಿಟ್ಟಳು. "ಹೆಸ್ರು ಬರ್ಕೊಂಡ್ರೆ ಮುಗೀತಾ? ಸಿಪ್ಪೆ ಹಾಕೋ ಬಾಗ್ಲು ನೆಲಕ್ಕೆ ಹತ್ಕೊಂಡಿದೆ. ಬಗ್ಗಿ ಬಗ್ಗಿ ಸೊಂಟ ಮುರ್ದೋಯ್ತು. ಒಲೆನ ಎತ್ತರ ಮಾಡಿ."

ಈ ಸಲ ಯಾರೂ ನಗಲಿಲ್ಲ. ಚಂದ್ರಶೇಖರಪ್ಪ ಕಿವಿಯ ಮೇಲಿನ ಪೆನ್ಸಿಲು ತೆಗೆದ. "ಎಷ್ಟೆತ್ತರ ಬೇಕು, ತೋರ್ಸಿ," ಎಂದ. ಅವಳು ನೆಟ್ಟಗೆ ನಿಂತು, ಬಗ್ಗದೆ, ಕೈಚಾಚಿ ಗಾಳಿಯಲ್ಲಿ ಸಿಪ್ಪೆ ಹಾಕಿ ತೋರಿಸಿದಳು. ಆ ಕೈಯ ಕೆಳಗೆ ನೆಲದಿಂದ ಸ್ಕೇಲು ಹಿಡಿದು ಅವನು ಅಳೆದ. ಆಮೇಲೆ ಆ ಸ್ಕೇಲು ಸುಳ್ಳು ಹೇಳುತ್ತದೆ ಎಂದು ನೆನಪಾಗಿ ಜ್ಞಾನೇಶನ ಟೇಪು ಇಸಿದುಕೊಂಡು ಇನ್ನೊಂದು ಸಲ ಅಳೆದ. ಅಳತೆ ತೆಗೆಯಲು ತಾನು ಅವಳ ಕಾಲಿನ ಹತ್ತಿರ ಮಂಡಿಯೂರಿ ಕೂತಿದ್ದೇನೆ ಎಂಬುದು ಅವನಿಗೆ ಹೊಳೆದದ್ದು ಮಂಡಿ ನೋಯತೊಡಗಿದ ಮೇಲೆ. ಬಂಗಾರಮ್ಮ ಎಲ್ಲರಿಗೂ ಟೀ ಹಂಚಿದಳು. ಕಿಟಕಿಯ ಮೇಲಿನ ಲೋಟವನ್ನೂ ತಂದು, ಉಳಿದವುಗಳ ಜೊತೆ ಒಂದೇ ತಟ್ಟೆಯಲ್ಲಿಟ್ಟು, ಯಾವುದು ಯಾರದು ಎಂದು ನೋಡದೆ ಹಂಚಿದಳು. ಅದು ಮರೆವೋ ಬೇಕೆಂದೋ ಅವಳ ಮುಖದಿಂದ ತಿಳಿಯುವಂತಿರಲಿಲ್ಲ. ಯಾರೋ ಒಬ್ಬರು ಲೋಟ ನೋಡಿ ಹಿಂಜರಿದಂತಾಯಿತು; ಆಮೇಲೆ ಅವರೂ ಕುಡಿದರು.

ಮಧ್ಯಾಹ್ನದ ಊಟಕ್ಕೆ ಮೊದಲು ಅವನು ಪೆಟ್ಟಿಗೆಯನ್ನು ಎಲ್ಲರೆದುರು ಬೆಂಚಿನ ಮೇಲಿಟ್ಟು, ಉಳಿ ತಗುಲಿಸಿ, ಅಂಟಿಸಿದ್ದ ಪಟ್ಟಿಯನ್ನು ಎಬ್ಬಿಸಿದ. ಅದು ಚಟಚಟನೆ ಎದ್ದು ಬಂತು. ಕೆಳಗೆ ಮೊದಲಿನ ಸಂಜೆಯ ಮೈ, ಕೂಡಿದ ಎರಡು ನೂಲಿನ ಸಮೇತ, ಹಾಗೆಯೇ ನುಣ್ಣಗೆ ಇತ್ತು. ಅದರ ಮೇಲೆ ಕೈಯಾಡಿಸಿದಾಗ, ಈ ಕೈ ನನ್ನದೇ, ಆದರೆ ನನಗಿಂತ ಒಳ್ಳೆಯದು ಎನಿಸಿ ಅವನಿಗೆ ಸುಮ್ಮನೆ ಸಂತೋಷವಾಯಿತು. ಪಟ್ಟಿ ಬಂಗಾರಮ್ಮನ ಒಲೆಗೆ ಹೋಯಿತು. ಪೆಟ್ಟಿಗೆ ಕರಿಯಣ್ಣನ ಕೈಗೆ ಹೋಯಿತು. ಸಂಜೆ ನಾಲ್ಕಕ್ಕೆ ಕರಿಯಣ್ಣ ಮೂರು ವಾರಗಳ ನಂತರ ಮತ್ತೆ ನೆಲದ ಮೇಲೆ ಮಂಡಿಯೂರಿ, ಕಪ್ಪು ಮಣ್ಣು ತುಂಬಿ, ಬಡಿದು, ಅಂಗೈಯಲ್ಲಿ ನೀವಿ, ಹೊರಮೈಯ ಅಚ್ಚನ್ನು ಎತ್ತುವ ಹೊತ್ತಿಗೆ ಇಡೀ ಫೌಂಡ್ರಿ ಏನೋ ನೆಪ ಮಾಡಿಕೊಂಡು ಸುತ್ತ ಬಂದು ನಿಂತಿತ್ತು. ಅವನು ಮರದ ಸುತ್ತಿಗೆ ಕೈಗೆತ್ತಿಕೊಂಡ. ಅಚ್ಚನ್ನು ಎರಡು ಸಲ ಮೆಲ್ಲಗೆ ತಟ್ಟಿದ. ನಿಲ್ಲಿಸಿದ. ಸುತ್ತಿಗೆಯನ್ನು ಗಾಳಿಯಲ್ಲಿ ಹಿಡಿದೇ, ತಲೆಯೆತ್ತಿ ಚಂದ್ರಶೇಖರಪ್ಪನ ಕಡೆ ನೋಡಿದ; ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ಏನ್ ಮೇಸ್ತ್ರಿ," ಎಂದ. "ಸಾಕಾ, ಇನ್ನೊಂಚೂರು ಅಲ್ಲಾಡಿಸ್ಲಾ?"

ತಗಡಿನ ಮಾಡು ಹಾರಿಹೋಗುವಂತೆ ಎಲ್ಲರೂ ನಕ್ಕರು. ಚಂದ್ರಶೇಖರಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕನ್ನಡಕ ಮಂಜಾಯಿತು, ಅದನ್ನು ಒರೆಸಲು ಹೋಗದೆ, ಎದುರಿನದೆಲ್ಲ ಮಸುಕಾಗಿಯೇ ಇರಲಿ ಎಂದುಕೊಂಡು, "ಅಲ್ಲಾಡ್ಸು ಮಾರಾಯ, ಅಲ್ಲಾಡ್ಸು," ಎಂದ.